ಅದೇ ಡ್ರಿಪ್, ಅವಳಿಗೆ ಬಂದ ನೋವು ನನಗೇಕೆ ಬರಲಿಲ್ಲ?

ಓದುಗರ ಪ್ರಶ್ನೆ, ಡಾಕ್ಟರಮ್ಮನ ಉತ್ತರ

ಈ ಸಲದ ಅಂಚೆಯಲ್ಲಿ ಹೆರಿಗೆ ನೋವಿನ ಇಂಜೆಕ್ಷನ್ ಬಗ್ಗೆಯೇ ನಾಲ್ಕು ಪತ್ರ. ಮೊದಲನೆಯದಕ್ಕೆ ಉದ್ದದ ಉತ್ತರವೇ ಬೇಕಿತ್ತು. ಥೈರಾಯ್ಡ್, ಮುಟ್ಟಿನ ತೊಂದರೆ ಬಗ್ಗೆ ಕೇಳಿದವರು ಇನ್ನೊಂದು ತಿಂಗಳು ಕಾಯಬೇಕು. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಡಾಕ್ಟರಮ್ಮ, ನಮಸ್ಕಾರ. ನನಗೆ 26 ವರ್ಷ. ಹೋದ ಆಷಾಢದಲ್ಲಿ ಮೊದಲ ಹೆರಿಗೆ ಆಯಿತು. ದಿನ ತುಂಬಿ ವಾರವಾದರೂ ನೋವು ಬರಲಿಲ್ಲ ಅಂತ ಅಡ್ಮಿಟ್ ಮಾಡಿಕೊಂಡರು. ರಾತ್ರಿ ಮಾತ್ರೆ ಇಟ್ಟರು. ಬೆಳಿಗ್ಗೆ 6ಕ್ಕೆ ನೋವು ಬರುವ ಸಲಾಯಿನ್ ಹಚ್ಚಿದರು. 8 ಹನಿಯಿಂದ ಶುರು ಮಾಡಿ ಸಂಜೆ ಹೊತ್ತಿಗೆ 48 ಹನಿ ಮಾಡಿದರು. ಹೊಟ್ಟೆ ಬಿಗಿ ಹಿಡಿಯುತ್ತಿತ್ತು, ಬಿಡುತ್ತಿತ್ತು. ಗರ್ಭಕೋಶದ ಬಾಯಿ ಮಾತ್ರ 3 ಸೆಂಟಿಮೀಟರ್ ದಾಟಲಿಲ್ಲ. ರಾತ್ರಿ 11ಕ್ಕೆ ಸಿಸೇರಿಯನ್ ಮಾಡಿದರು. ಮಗಳು ಆರಾಮ ಇದ್ದಾಳೆ. ಆದರೆ ನಮ್ಮ ನೆಗೆಣ್ಣಿಗೆ ಅದೇ ಆಸ್ಪತ್ರೆಯಲ್ಲಿ, ಅದೇ ಸಲಾಯಿನ್‌ಗೆ ಐದು ತಾಸಿನಲ್ಲಿ ಎರಡನೇ ಮಗ ಹುಟ್ಟಿದ. 16 ಹನಿಗಿಂತ ಜಾಸ್ತಿ ಮಾಡಲೇ ಇಲ್ಲವಂತೆ. ಅತ್ತೆ ‘ನಿನಗ ಬ್ಯಾನಿ ತಿನ್ನೂ ತಾಕತ್ತಿಲ್ಲ’ ಅಂತಾರೆ. ನನ್ನ ತಮ್ಮ ಬಿ.ಎಸ್ಸಿ. ಓದುತ್ತಾನೆ, ‘ಅದು ಜೀನ್ ಅಕ್ಕಾ’ ಅಂದ. ಯಾರ ಮಾತು ನಿಜ? ಡಿಸ್ಚಾರ್ಜ್ ಕಾರ್ಡಿನ ಝೆರಾಕ್ಸ್ ಇಟ್ಟಿದ್ದೇನೆ. ಅದರಲ್ಲಿ ‘ಫೇಲ್ಡ್ ಇಂಡಕ್ಷನ್’ ಅಂತ ಬರೆದಿದ್ದಾರೆ. ನೋಡಿದಾಗಲೆಲ್ಲ ಪರೀಕ್ಷೆಯಲ್ಲಿ ನಪಾಸಾದ ಹಾಗೆ ಅನಿಸುತ್ತದೆ.
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಝೆರಾಕ್ಸ್ ಮೇಜಿನ ಮೇಲೆಯೇ ಇದೆ. ಒಂದು ಮೂಲೆ ಕಪ್ಪಾಗಿದೆ, ಆದರೂ ಬೇಕಾದ್ದೆಲ್ಲ ಓದಲು ಬರುತ್ತದೆ. ಮೊದಲು ಆ ಪದದ ವಿಷಯ ಮುಗಿಸೋಣ. ಫೇಲಾದದ್ದು ಇಂಡಕ್ಷನ್. ಅಂದರೆ ನೋವು ಬರಿಸಲು ನಾವು ಡಾಕ್ಟರುಗಳು ಮಾಡಿದ ಪ್ರಯತ್ನ. ಕಾರ್ಡು ನಿಮ್ಮದಾದ್ದರಿಂದ ಅದು ನಿಮ್ಮ ಹೆಸರಿನ ಕೆಳಗೆ ಬಂದಿದೆ, ಅಷ್ಟೆ. ಸರ್ವಿಸ್‌ನಲ್ಲಿದ್ದ 31 ವರ್ಷದಲ್ಲಿ ನಾನೇ ಆ ಎರಡು ಪದ ಎಷ್ಟು ಸಲ ಬರೆದಿದ್ದೇನೋ. ಓದಿದವರಿಗೆ ಏನನಿಸುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಈಗ ನೆಗೆಣ್ಣಿಯ ವಿಷಯ. (ನಮ್ಮ ಕಡೆ ವಾರಗಿತ್ತಿ ಅಂತೀವಿ. ಏನಂತ ಕರೆದರೂ ಹೋಲಿಸುವುದು ತಪ್ಪಿದ್ದಲ್ಲ.) ಅವರಿಗೆ ಹುಟ್ಟಿದ್ದು ‘ಎರಡನೇ ಮಗ’ ಅಂತ ನೀವೇ ಬರೆದಿದ್ದೀರಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಮಾತಿನಲ್ಲೇ ಇದೆ. ಒಂದು ಸಲ ಮಗು ಹಾದು ಬಂದ ದಾರಿ ಎರಡನೇ ಸಲಕ್ಕೆ ಬೇಗ ಬಿಡುತ್ತದೆ. ಅದೇ ಡ್ರಿಪ್ಪು, ಅದೇ ವಾರ್ಡು ಇರಬಹುದು. ಆದರೆ ಮೊದಲ ಹೆರಿಗೆಯನ್ನೂ ಎರಡನೆಯದನ್ನೂ ಒಂದೇ ತಕ್ಕಡಿಗೆ ಹಾಕಲು ಬರುವುದಿಲ್ಲ. ಅತ್ತೆಗೆ ಇದನ್ನು ಮೊದಲು ಹೇಳಿ. ಅವರ ಮೊದಲ ಹೆರಿಗೆ ಎಷ್ಟು ಹೊತ್ತು ಹಿಡಿಯಿತು, ಕೊನೆಯದು ಎಷ್ಟು ಹೊತ್ತು ಅಂತ ಅವರನ್ನೇ ಕೇಳಿ ನೋಡಿ.

ಕಾರ್ಡಿನ ಎರಡನೇ ಸಾಲಿನಲ್ಲಿ ‘ಬಿಷಪ್ 3’ ಎಂದಿದೆ. ಇದು ಫಿಲಡೆಲ್ಫಿಯಾದ ಎಡ್ವರ್ಡ್ ಬಿಷಪ್ ಎನ್ನುವ ಡಾಕ್ಟರು 1964ರಲ್ಲಿ ಮಾಡಿದ ಲೆಕ್ಕ. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಮೆತ್ತಗಿದೆಯೋ ಗಟ್ಟಿಯೋ, ಹಿಂದಕ್ಕಿದೆಯೋ ಮುಂದಕ್ಕೋ, ಮಗುವಿನ ತಲೆ ಎಷ್ಟು ಇಳಿದಿದೆ. ಈ ಐದನ್ನೂ ಬೆರಳಿನಿಂದ ನೋಡಿ ಅಂಕ ಹಾಕುತ್ತೇವೆ. ಒಟ್ಟು 13. ಮೆತ್ತಗೆ, ಗಟ್ಟಿ ಅನ್ನುವುದನ್ನು ನಮ್ಮ ಮೇಡಂ ಹೀಗೆ ಕಲಿಸಿದ್ದರು: ‘ನಿನ್ನ ಮೂಗಿನ ತುದಿ ಮುಟ್ಟಿ ನೋಡು, ಅದು ಗಟ್ಟಿ. ತುಟಿ ಮುಟ್ಟಿ ನೋಡು, ಅದು ಮೆತ್ತಗೆ.’ ಲೇಬರ್ ವಾರ್ಡಿನಲ್ಲಿ ನಿಂತು ಮೂಗು ಮುಟ್ಟಿಕೊಳ್ಳುವ ಹುಡುಗಿಯರನ್ನು ಕಂಡರೆ ಈಗಲೂ ನನಗೆ ನಗು ಬರುತ್ತದೆ. 3 ಅಂದರೆ ನಿಮ್ಮದು ಇನ್ನೂ ಮೂಗು. 6ಕ್ಕಿಂತ ಕೆಳಗಿದ್ದರೆ ಡ್ರಿಪ್ ಒಂದರಿಂದಲೇ ಕೆಲಸ ಆಗುವುದು ಕಷ್ಟ. ಅದಕ್ಕೇ ನಿಮಗೆ ರಾತ್ರಿ ಮಾತ್ರೆ ಇಟ್ಟದ್ದು. ಅದು ಬಾಯಿಯನ್ನು ಮೆತ್ತಗೆ ಮಾಡುವ ಮಿಸೋಪ್ರೋಸ್ಟಾಲ್.

ಇನ್ನು ಹನಿಯ ಲೆಕ್ಕ. ನಿಮ್ಮದು 500 ಮಿಲಿ ಬಾಟಲಿಗೆ 5 ಯೂನಿಟ್ ಆಕ್ಸಿಟೋಸಿನ್, ಅಂದರೆ ನೋವು ಬರಿಸುವ ಔಷಧ. ಸಾಮಾನ್ಯ ಸೆಟ್‌ನಲ್ಲಿ 20 ಹನಿಗೆ 1 ಮಿಲಿ. ಹಾಗಾದರೆ ಒಂದು ಹನಿಯಲ್ಲಿ ಅರ್ಧ ಮಿಲಿಯೂನಿಟ್. ನಿಮ್ಮ 48 ಹನಿ ಅಂದರೆ ನಿಮಿಷಕ್ಕೆ 24 ಮಿಲಿಯೂನಿಟ್. ನೆಗೆಣ್ಣಿಗೆ ಹೋದದ್ದು 8, ನಿಮ್ಮದರ ಮೂರನೇ ಒಂದು ಪಾಲು. ಔಷಧ ಎಷ್ಟು ಸಣ್ಣದು ಗೊತ್ತಾ? 5 ಯೂನಿಟ್ ಅಂದರೆ ಸುಮಾರು 8 ಮೈಕ್ರೋಗ್ರಾಂ. ಒಂದು ಸಾಸಿವೆ ಕಾಳನ್ನು ನೂರಾರು ಚೂರು ಮಾಡಿದರೆ ಅದರಲ್ಲಿ ಒಂದು ಚೂರು. ಅಷ್ಟರಲ್ಲೇ ಒಬ್ಬರಿಗೆ ಹೆರಿಗೆ ಆಗಿಬಿಡುತ್ತದೆ, ಇನ್ನೊಬ್ಬರಿಗೆ ಏನೂ ಆಗುವುದಿಲ್ಲ.

ಎರಡನೇ ಹೆರಿಗೆ ಅನ್ನುವ ಕಾರಣ ಪಕ್ಕಕ್ಕಿಟ್ಟರೂ ಈ ವ್ಯತ್ಯಾಸ ಹೋಗುವುದಿಲ್ಲ. ಒಂದು ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಅಕ್ಕಪಕ್ಕದ ಎರಡು ಮಂಚ. ಇಬ್ಬರಿಗೂ ಮೊದಲ ಹೆರಿಗೆ, ಇಬ್ಬರಿಗೂ ಬಿಷಪ್ 5, ಮೈಕಟ್ಟೂ ಹೆಚ್ಚುಕಡಿಮೆ ಒಂದೇ. ಕಿಟಕಿ ಪಕ್ಕದವಳಿಗೆ 12 ಹನಿಗೇ ನೋವು ಒಂದರ ಮೇಲೊಂದು ಬಂದು, ನಡುವೆ ಹೊಟ್ಟೆ ಸಡಿಲವೇ ಆಗಲಿಲ್ಲ. ಮಗುವಿನ ಎದೆಬಡಿತ ಇಳಿಯಿತು. ಓಡಿ ಹೋಗಿ ಡ್ರಿಪ್ ಬಂದ್ ಮಾಡಿ, ಎಡಕ್ಕೆ ಹೊರಳಿಸಿ ಮಲಗಿಸಿದೆವು. ಈ ಔಷಧದ ಒಂದು ಒಳ್ಳೆಯ ಗುಣ ಅಂದರೆ ರಕ್ತದಲ್ಲಿ ಕೆಲವೇ ನಿಮಿಷ ಇರುತ್ತದೆ, ನಿಲ್ಲಿಸಿದರೆ ಬೇಗ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಬಡಿತ ಸರಿಹೋಯಿತು. ಪಕ್ಕದ ಮಂಚದವಳಿಗೆ ಆಗಲೇ 56 ಹನಿ ಓಡುತ್ತಿತ್ತು. ಅವಳು ಎದ್ದು ಕೂತು ‘ಸಿಸ್ಟರ್, ಕಾಫಿ ಕುಡೀಬಹುದಾ?’ ಅಂತ ಕೇಳುತ್ತಿದ್ದಳು.

ನಿಮ್ಮ ತಮ್ಮ ಹೇಳುವ ಜೀನ್ ಬರುವುದು ಇಲ್ಲಿ.

ಗರ್ಭಕೋಶ ಅಂದರೆ ಸ್ನಾಯು. ಅದರ ಒಂದೊಂದು ಜೀವಕೋಶವನ್ನೂ ಒಂದೊಂದು ಮನೆ ಅಂದುಕೊಳ್ಳಿ. ಬಾಗಿಲಲ್ಲಿ ಕರೆಗಂಟೆಗಳಿವೆ. ಆಕ್ಸಿಟೋಸಿನ್ ಬಂದು ಗಂಟೆ ಒತ್ತುತ್ತದೆ, ಒಳಗೆ ಕ್ಯಾಲ್ಸಿಯಂ ಏರುತ್ತದೆ, ಸ್ನಾಯು ಬಿಗಿ ಹಿಡಿಯುತ್ತದೆ. ಆ ಗಂಟೆಯನ್ನು ಆಕ್ಸಿಟೋಸಿನ್ ಗ್ರಾಹಕ ಅನ್ನುತ್ತಾರೆ. ದಿನ ತುಂಬುತ್ತಾ ಬಂದ ಹಾಗೆ ಗರ್ಭಕೋಶದಲ್ಲಿ ಈ ಗಂಟೆಗಳ ಸಂಖ್ಯೆ ಏರುತ್ತದೆ. ಐದನೇ ತಿಂಗಳಲ್ಲಿ ಅಷ್ಟಾಗಿ ಕೆಲಸ ಮಾಡದ ಡ್ರಿಪ್ ಒಂಬತ್ತರಲ್ಲಿ ಮಾಡುವುದು ಇದರಿಂದಲೇ. 389 ಅಮೈನೋ ಆಮ್ಲಗಳನ್ನು ಮಣಿ ಪೋಣಿಸಿದ ಹಾಗೆ ಪೋಣಿಸಿ ಈ ಗಂಟೆ ತಯಾರಾಗುತ್ತದೆ. ಯಾವ ಮಣಿಯ ಪಕ್ಕ ಯಾವುದು ಅನ್ನುವ ಬರಹ ನಮ್ಮ 3ನೇ ಕ್ರೋಮೋಸೋಮ್‌ನಲ್ಲಿದೆ. ಆ ಬರಹದಲ್ಲಿ ಒಂದು ಅಕ್ಷರ ಬೇರೆಯಾದರೆ ಒಂದು ಮಣಿ ಬೇರೆಯಾಗಬಹುದು. ಇದು ಕಾಯಿಲೆಯಲ್ಲ. ಹೊರಗಿನಿಂದ ಗೊತ್ತೂ ಆಗುವುದಿಲ್ಲ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸಾರಾ ಇಂಗ್ಲೆಂಡ್ ಎನ್ನುವ ವಿಜ್ಞಾನಿಯ ತಂಡ ಇದರ ಹಿಂದೆಯೇ ಬಿದ್ದಿದೆ. ಹೆರಿಗೆಗೆ ಹೆಚ್ಚು ಡೋಸ್ ಬೇಕಾದ ಹೆಂಗಸರಲ್ಲಿ ಈ ಗ್ರಾಹಕದ ಜೀನ್ ಓದಿ 2017ರಲ್ಲಿ ಪ್ರಕಟಿಸಿದರು. 2021ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಜನರಲ್ಲಿ ಉಳಿದವಕ್ಕಿಂತ ಹೆಚ್ಚಾಗಿ ಕಾಣುವ, ಮಣಿ ಬದಲಿಸುವ 11 ವ್ಯತ್ಯಾಸಗಳನ್ನು ಒಂದೊಂದಾಗಿ ಜೀವಕೋಶಗಳಿಗೆ ಹಾಕಿ, ಆಕ್ಸಿಟೋಸಿನ್ ಕೊಟ್ಟು ನೋಡಿದರು. 11ರಲ್ಲಿ 5 ನಿಜವಾಗಿ ವ್ಯತ್ಯಾಸ ಮಾಡಿದವು. ಹೇಗೆ ಅನ್ನುವುದೇ ಸ್ವಾರಸ್ಯ.

281ನೇ ಜಾಗದಲ್ಲಿ ವ್ಯಾಲಿನ್ ಬದಲು ಮೆಥಿಯೋನಿನ್ ಕೂತರೆ, ಅಥವಾ 339ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ಲೈಸಿನ್ ಕೂತರೆ, ಗಂಟೆಗಳು ಬಾಗಿಲಿಗೆ ಬರದೆ ಒಳಗೇ ಉಳಿಯುತ್ತವೆ. ಗಂಟೆ ಮಾಡಿದ್ದಾಗಿದೆ, ಆದರೆ ಅಟ್ಟದ ಮೇಲಿದೆ. ಬಾಗಿಲಲ್ಲಿ ನಿಂತು ಎಷ್ಟು ಒತ್ತಿದರೇನು? 108 ಮತ್ತು 206ನೇ ಜಾಗದ ವ್ಯತ್ಯಾಸ ಇದಕ್ಕೆ ಉಲ್ಟಾ. ಬಾಗಿಲಲ್ಲಿ ಗಂಟೆಗಳು ಇನ್ನೂ ಜಾಸ್ತಿ. ಮೂರನೆಯದೊಂದು ಬಗೆಯೂ ಇದೆ. ಯಾರಾದರೂ ಸುಮ್ನೆ ಗಂಟೆ ಒತ್ತುತ್ತಲೇ ಇದ್ದರೆ ಮನೆಯವರು ಏನು ಮಾಡುತ್ತಾರೆ? ತಂತಿ ಕಿತ್ತು ಗಂಟೆಯನ್ನು ಒಳಗಿಡುತ್ತಾರೆ. ಜೀವಕೋಶವೂ ಹಾಗೇ ಮಾಡುತ್ತದೆ. ಗಂಟೆಗಟ್ಟಲೆ ಡ್ರಿಪ್ ಓಡಿದರೆ ಗ್ರಾಹಕಗಳು ಒಳಗೆ ಸೇರಿಕೊಂಡು ಗರ್ಭಕೋಶ ಕಿವುಡಾಗುತ್ತಾ ಹೋಗುತ್ತದೆ. 45 ಮತ್ತು 108ನೇ ಜಾಗದ ವ್ಯತ್ಯಾಸ ಇರುವ ಕೋಶಗಳು ಹೀಗೆ ಒಳಗೆಳೆದುಕೊಳ್ಳುವುದರಲ್ಲಿ ಹಿಂದೆ.

ಇದೆಲ್ಲ ಕೇಳಿ ‘ನನ್ನದು ಅಟ್ಟದ ಗಂಟೆ’ ಅಂತ ತೀರ್ಮಾನ ಮಾಡಿಬಿಡಬೇಡಿ. ಅವರು ನೋಡಿದ್ದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ, ಹೆರುವ ಹೆಂಗಸಿನ ಹೊಟ್ಟೆಯಲ್ಲಿ ಅಲ್ಲ. ಈ ವ್ಯತ್ಯಾಸಗಳು ತೀರಾ ಸಾಮಾನ್ಯವೂ ಅಲ್ಲ. ಹೆರಿಗೆ ನಿಧಾನವಾಗಲು ಇನ್ನೂ ಹತ್ತು ಕಾರಣಗಳಿವೆ. ತೂಕ ಜಾಸ್ತಿ ಇರುವವರಿಗೆ ಡ್ರಿಪ್ ಜಾಸ್ತಿ ಬೇಕಾಗುತ್ತದೆ. ಮಗುವಿನ ತಲೆ ಕೂತ ರೀತಿ ಸರಿಯಿಲ್ಲದಿದ್ದರೂ ಬಾಯಿ ತೆರೆಯುವುದಿಲ್ಲ. ನಿಮ್ಮ ತಮ್ಮನ ಮಾತಿನಲ್ಲಿ ನಿಜ ಇರಬಹುದು, ಆದರೆ ನಿಮ್ಮ ವಿಷಯದಲ್ಲಿ ಅದನ್ನು ಸಾಬೀತು ಮಾಡಲು ಅವನಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಅತ್ತೆಯ ಮಾತಿನಲ್ಲಿ ಮಾತ್ರ ಏನೂ ಇಲ್ಲ. ಹದಿನೇಳು ತಾಸು ಹೊಟ್ಟೆ ಬಿಗಿ ಹಿಡಿಸಿಕೊಂಡವರಿಗೆ ತಾಕತ್ತಿಲ್ಲ ಅಂದರೆ ಹೇಗೆ?

ಒಂದು ಕಾರಣ ಮಾತ್ರ ಹೇಳಿಯೇ ತೀರಬೇಕು, ಅದು ಫ್ರಿಜ್ಜು. ಆಕ್ಸಿಟೋಸಿನ್ ಆಂಪೂಲ್ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಬಿಸಿಲಿಗೆ ಶಕ್ತಿ ಕಳೆದುಕೊಳ್ಳುತ್ತದೆ. ನಾನು ಹೊಸದಾಗಿ ಸೇರಿದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಏಪ್ರಿಲ್ ತಿಂಗಳು ಪೂರ್ತಿ ಆಂಪೂಲ್‌ಗಳು ಕಿಟಕಿ ಪಕ್ಕದ ಸ್ಟೀಲ್ ಟ್ರೇಯಲ್ಲಿ, ಹತ್ತಿಯ ಮೇಲೆ ಸಾಲಾಗಿ ಮಲಗಿರುತ್ತಿದ್ದವು. ಫ್ರಿಜ್ಜಿನಲ್ಲಿ ಏನಿತ್ತು ಅಂದಿರಾ? ಸ್ಟಾಫಿನವರ ಮಜ್ಜಿಗೆ ಬಾಟಲಿ. ಆ ತಿಂಗಳು ನಮ್ಮ ವಾರ್ಡಿನಲ್ಲಿ ಎಲ್ಲರಿಗೂ ಜಾಸ್ತಿ ಹನಿ ಬೇಕಾಗುತ್ತಿತ್ತು. ‘ಈ ಕಡೆ ಹೆಂಗಸರಿಗೆ ಬೇಗ ನೋವೇ ಬರಲ್ಲ ಮೇಡಂ’ ಅಂತ ಒಬ್ಬರು ಹೇಳಿದ್ದರು. ಟ್ರೇ ಫ್ರಿಜ್ಜಿಗೆ ಹೋದ ಮೇಲೆ ಆ ಮಾತು ಮತ್ತೆ ಕೇಳಲಿಲ್ಲ. ಹಾಗಾಗಿ ಯಾರಾದರೂ ಜೀನ್ ಅಂದ ಕೂಡಲೇ ನಾನು ಮೊದಲು ಫ್ರಿಜ್ ನೋಡುವವಳು.

ಮಾತ್ರೆಯ ವಿಷಯದಲ್ಲೂ ಇಷ್ಟೇ. 2017ರಲ್ಲಿ ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ಬಿ.ಪಿ. ಇದ್ದ 602 ಗರ್ಭಿಣಿಯರ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಅರ್ಧ ಜನರಿಗೆ ಮಿಸೋಪ್ರೋಸ್ಟಾಲ್ ನುಂಗಲು ಕೊಟ್ಟರು, ಉಳಿದವರಿಗೆ ಗರ್ಭಕೋಶದ ಬಾಯಿ ತೆರೆಸುವ ಫೋಲಿ ಬಲೂನ್ ಇಟ್ಟರು. 24 ಗಂಟೆಯೊಳಗೆ ಸಹಜ ಹೆರಿಗೆ ಆದದ್ದು ಮಾತ್ರೆಯವರಲ್ಲಿ 100ಕ್ಕೆ 57, ಬಲೂನಿನವರಲ್ಲಿ 47. ಮಾತ್ರೆ ಗೆದ್ದಿತು ಅಂತ ನಾವು ಡಾಕ್ಟರುಗಳು ಓದಿಕೊಂಡೆವು. ನೀವು ಅದನ್ನು ಇನ್ನೊಂದು ಕಡೆಯಿಂದ ಓದಿ. ಗೆದ್ದ ಮಾತ್ರೆಗೂ 100ಕ್ಕೆ 43 ಮಂದಿಗೆ ಒಂದು ದಿನದೊಳಗೆ ಹಾಗೆ ಹೆರಿಗೆ ಆಗಲಿಲ್ಲ. ನೀವು ಒಬ್ಬರೇ ಅಲ್ಲ ಅಲ್ವಾ?

ಕಾರ್ಡಿನಲ್ಲಿ ಇನ್ನೊಂದು ಸಾಲು ಇದೆ, ನೀವು ಗಮನಿಸಿಲ್ಲ ಅನಿಸುತ್ತದೆ. ಥಿಯೇಟರ್ ನೋಟ್‌ನ ಕೊನೆಯಲ್ಲಿ ‘ಕಾರ್ಬೊಪ್ರೋಸ್ಟ್ 250’. ಮಗು ತೆಗೆದ ಮೇಲೆ ಗರ್ಭಕೋಶ ಬಿಗಿಯದೆ ರಕ್ತ ಹೋಗುತ್ತಿದ್ದರೆ ಕೊಡುವ ಇಂಜೆಕ್ಷನ್ ಅದು. ಇಡೀ ದಿನ ಡ್ರಿಪ್ ಓಡಿದ ಮೇಲೆ ಹೀಗಾಗುವುದು ಹೊಸದಲ್ಲ. ಗಂಟೆ ಒತ್ತಿ ಒತ್ತಿ ಮನೆಯವರು ಒಳಗಿಟ್ಟಿರುತ್ತಾರಲ್ಲ, ಆಗ ಮತ್ತಷ್ಟು ಆಕ್ಸಿಟೋಸಿನ್ ಕೊಟ್ಟು ಉಪಯೋಗ ಕಡಿಮೆ. ಹಿತ್ತಲ ಬಾಗಿಲು ತಟ್ಟಬೇಕು. ಕಾರ್ಬೊಪ್ರೋಸ್ಟ್ ತಟ್ಟುವುದು ಆ ಬಾಗಿಲನ್ನು. ನಿಮ್ಮ ಡಾಕ್ಟರು ಸರಿಯಾಗಿ ಯೋಚಿಸಿದ್ದಾರೆ. ನೀರು ಒಡೆಸಿದ್ದು ಬೆಳಿಗ್ಗೆ 9 ಗಂಟೆಗೆ ಎಂದಿದೆ, ಸಿಸೇರಿಯನ್ ರಾತ್ರಿ 11ಕ್ಕೆ. ಅಂದರೆ ನೀರು ಒಡೆದ ಮೇಲೂ 14 ಗಂಟೆ ಡ್ರಿಪ್ ಕೊಟ್ಟು ಕಾದಿದ್ದಾರೆ. ತಾಯಿ ಮಗು ಚೆನ್ನಾಗಿದ್ದರೆ ಕಡಿಮೆಯೆಂದರೂ 12ರಿಂದ 18 ಗಂಟೆ ಕಾಯಬೇಕು ಅನ್ನುವುದು ಈಗಿನ ಕ್ರಮ. ಅವಸರ ಮಾಡಿಲ್ಲ.

ಮುಂದಿನ ಸಲಕ್ಕೆ: ಈ ಕಾರ್ಡಿನ ಅಸಲು ಪ್ರತಿಯನ್ನು ತಾಯಿ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿಡಿ. ಹೊಸ ಡಾಕ್ಟರಿಗೆ ‘ನೋವು ಬರಲಿಲ್ಲ’ ಅಂತ ಹೇಳುವ ಬದಲು ‘24 ಮಿಲಿಯೂನಿಟ್‌ವರೆಗೆ ಹೋಗಿತ್ತು, 3 ಸೆಂಟಿಮೀಟರ್, ಆಮೇಲೆ ಕಾರ್ಬೊಪ್ರೋಸ್ಟ್ ಬೇಕಾಯಿತು’ ಅಂತ ಹೇಳಿ. ಅವರು ಕುರ್ಚಿ ಎಳೆದು ಕೂತು ಕೇಳುತ್ತಾರೆ. ಒಂದು ಸಲ ಸಿಸೇರಿಯನ್ ಆದವರಿಗೆ ದಿನ ತುಂಬಿದಾಗ ಮಿಸೋಪ್ರೋಸ್ಟಾಲ್ ಮಾತ್ರೆ ಇಡಬಾರದು, ಹೊಲಿಗೆ ಬಿಡುವ ಅಪಾಯ ಇದೆ. ಹಳೆ ಸಿಸೇರಿಯನ್ ವಿಷಯ ಯಾರಿಗೂ ಮುಚ್ಚಿಡಬೇಡಿ. ಸಹಜ ಹೆರಿಗೆ ಆಗಲೇಬಾರದು ಅಂತೇನೂ ಇಲ್ಲ. ಸಿಸೇರಿಯನ್ ಸೌಲಭ್ಯ ಇರುವ ಆಸ್ಪತ್ರೆಯಲ್ಲಿ, ನೋವು ತಾನಾಗಿ ಬಂದರೆ, ಪ್ರಯತ್ನ ಮಾಡಬಹುದು.

ಪ್ರಶ್ನೆ: ಮೇಡಂ, ನಾನು ಹೈನುಗಾರಿಕೆ ಮಾಡುವವನು. ಮೊದಲೆಲ್ಲ ನಮ್ಮ ಕಡೆ ಕೆಲವರು ಹಾಲು ಕೊಡದ ಎಮ್ಮೆಗೆ ಒಂದು ಇಂಜೆಕ್ಷನ್ ಚುಚ್ಚುತ್ತಿದ್ದರು. ಹೋದ ತಿಂಗಳು ಹೆಂಡತಿಯ ಹೆರಿಗೆಗೆ ಹೋದಾಗ ನರ್ಸ್ ಕೈಯಲ್ಲಿ ಅದೇ ಹೆಸರಿನ ಬಾಟಲಿ ನೋಡಿದೆ. ಎಮ್ಮೆ ಔಷಧ ಹೆಂಗಸರಿಗೆ ಕೊಡುತ್ತಾರಾ?
— ಒಬ್ಬ ರೈತ, ಮಂಡ್ಯ ಜಿಲ್ಲೆ

ಉತ್ತರ: ಹೆಂಗಸರ ಔಷಧವನ್ನು ಎಮ್ಮೆಗೆ ಚುಚ್ಚುತ್ತಿದ್ದರು ಅಂತ ತಿರುಗಿಸಿ ಹೇಳಿ, ಸರಿಹೋಗುತ್ತದೆ.

ಎರಡೂ ಒಂದೇ ವಸ್ತು. ಹಸುವಿನ ಮೈಯಲ್ಲಿ ಹುಟ್ಟುವ ಆಕ್ಸಿಟೋಸಿನ್ನೂ ನಿಮ್ಮ ಹೆಂಡತಿಯ ಮೈಯಲ್ಲಿ ಹುಟ್ಟುವುದೂ ಒಂದೇ, ಒಂಬತ್ತು ಮಣಿಯ ಪುಟ್ಟ ಸರ. ಕರು ಕೆಚ್ಚಲಿಗೆ ಬಾಯಿಟ್ಟರೆ ಹಸುವಿನ ಮಿದುಳಿನ ಕೆಳಗಿನ ಗ್ರಂಥಿಯಿಂದ ಇದು ರಕ್ತಕ್ಕೆ ಇಳಿಯುತ್ತದೆ, ಕೆಚ್ಚಲು ಹಿಂಡಿದ ಹಾಗಾಗಿ ಹಾಲು ಇಳಿಯುತ್ತದೆ. ಮಗು ಹಾಲು ಕುಡಿಯುವಾಗ ‘ಹೊಟ್ಟೆ ಹಿಂಡಿದ ಹಾಗಾಗ್ತಿದೆ’ ಅಂತ ನಿಮ್ಮ ಹೆಂಡತಿ ಹೇಳಿದ್ದರೆ ಅದೂ ಇದರದ್ದೇ ಕೆಲಸ. ಹಾಲಿಗೂ ಹೆರಿಗೆಗೂ ಒಂದೇ ಆಳು ದುಡಿಯುತ್ತಾನೆ. 1906ರಲ್ಲಿ ಹೆನ್ರಿ ಡೇಲ್ ಎಂಬ ಇಂಗ್ಲಿಷ್ ವಿಜ್ಞಾನಿ ಆ ಗ್ರಂಥಿಯ ರಸ ಬೆಕ್ಕಿನ ಗರ್ಭಕೋಶವನ್ನು ಹಿಂಡುತ್ತದೆ ಅಂತ ಕಂಡುಹಿಡಿದರು. 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿಗ್ನೋ ಆ ಒಂಬತ್ತು ಮಣಿಯನ್ನು ಪ್ರಯೋಗಾಲಯದಲ್ಲೇ ಪೋಣಿಸಿದರು. 1955ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಆಸ್ಪತ್ರೆಯ ಆಂಪೂಲ್‌ನಲ್ಲಿರುವುದು ಹೀಗೆ ಕೈಯಿಂದ ಮಾಡಿದ್ದು, ಎಮ್ಮೆಯಿಂದ ತೆಗೆದದ್ದಲ್ಲ.

ದನಗಳಿಗೆ ಚುಚ್ಚುವ ಕಾಟ ಎಷ್ಟಾಯಿತು ಅಂದರೆ, 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ನಮ್ಮ ದೇಶದ ಬಳಕೆಗೆ ಆಕ್ಸಿಟೋಸಿನ್ ತಯಾರಿಸಲೇಬಾರದು ಅಂತ ಆದೇಶ ಮಾಡಿತು. ಇಡೀ ಭಾರತಕ್ಕೆ ಒಂದೇ ಕಾರ್ಖಾನೆ ಪೂರೈಸಬೇಕು. ಯಾವುದು ಗೊತ್ತಾ? ನಮ್ಮ ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್, ಕೆಎಪಿಎಲ್. ಹೆರಿಗೆ ವಾರ್ಡುಗಳಿಗೆ ಔಷಧ ಸಾಲದೆ ಹೋದರೆ ಗತಿಯೇನು ಅಂತ ನಮಗೆಲ್ಲ ಎದೆ ಡವಡವ. ಹೆರಿಗೆ ಆದ ಮೇಲೆ ರಕ್ತ ನಿಲ್ಲಿಸಲು ಮೊದಲು ಕೈಗೆ ಬರುವುದು ಇದೇ, 10 ಯೂನಿಟ್ ಸ್ನಾಯುವಿಗೆ. ಆ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆದೇಶ ರದ್ದು ಮಾಡಿತು. ನನಗೆ ಕೇಳಿದರೆ, ಕಳ್ಳದಾರಿಯಲ್ಲಿ ಎಮ್ಮೆಗೆ ಚುಚ್ಚುವವನನ್ನು ಹಿಡಿಯಬೇಕಾದ್ದು ಕೊಟ್ಟಿಗೆಯಲ್ಲಿ, ಹೆರಿಗೆ ವಾರ್ಡಿನಲ್ಲಲ್ಲ.

ನಿಮ್ಮ ಕೊಟ್ಟಿಗೆಯಲ್ಲಿ ಆ ಬಾಟಲಿ ಇದ್ದರೆ ಬಿಸಾಡಿ. ‘ಮೊದಲೆಲ್ಲ ಕೆಲವರು’ ಅಂತ ಬರೆದಿದ್ದೀರಿ, ನಂಬುತ್ತೇನೆ.

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ಗೆಳತಿಯರ ಜೊತೆ ಸೇರಿ ಆನ್‌ಲೈನ್‌ನಲ್ಲಿ ಕಿಟ್ ತರಿಸಿ ಉಗುಳು ಕಳಿಸಿ ಜೀನ್ ರಿಪೋರ್ಟ್ ಮಾಡಿಸಿದ್ದೆ. ಅದರಲ್ಲಿ ಆಕ್ಸಿಟೋಸಿನ್ ಗ್ರಾಹಕದ ಜೀನ್‌ನಲ್ಲಿ ಆರ್‌ಎಸ್ 53576 ಎಂಬ ವ್ಯತ್ಯಾಸ ಇದೆ, ‘ಬಾಂಧವ್ಯ ಕಡಿಮೆ’ ಅಂತ ಬಂದಿದೆ. ನನಗೆ ಹೆರಿಗೆ ಡ್ರಿಪ್ ಕೆಲಸ ಮಾಡುವುದಿಲ್ಲವಾ? ಈಗಲೇ ಸಿಸೇರಿಯನ್ ದಿನ ಗೊತ್ತು ಮಾಡಿಕೊಳ್ಳಲಾ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ದಿನ ಗೊತ್ತು ಮಾಡಬೇಡಿ. ಸೀಮಂತಕ್ಕೆ ಬೇಕಾದರೆ ಮಾಡಿ.

ಮೇಲಿನ ಉತ್ತರದಲ್ಲಿ ಗಂಟೆಯ ಮಣಿ ಬದಲಾಗುವ ಕಥೆ ಹೇಳಿದೆನಲ್ಲ, ನಿಮ್ಮ ರಿಪೋರ್ಟಿನ ವ್ಯತ್ಯಾಸ ಆ ಜಾತಿಯದ್ದೇ ಅಲ್ಲ. ಅದು ಜೀನ್‌ನ ಒಳಗಿದ್ದರೂ ಮಣಿ ಪೋಣಿಸುವ ಬರಹದಲ್ಲಿಲ್ಲ, ನಡುವೆ ಕತ್ತರಿಸಿ ಬಿಸಾಡುವ ಭಾಗದಲ್ಲಿದೆ. ನಿಮ್ಮ ಗಂಟೆಯ 389 ಮಣಿಗಳನ್ನು ಅದು ಮುಟ್ಟುವುದಿಲ್ಲ. ಪ್ರೀತಿ, ಬಾಂಧವ್ಯ ಅಂತ ಅದರ ಹಿಂದೆ ಬಿದ್ದವರು ಬಹಳ ಜನ. ಆ ರಿಪೋರ್ಟ್ ನೋಡಿ ಹುಟ್ಟಲಿರುವ ಮಗುವಿನ ಮೇಲೆ ಪ್ರೀತಿ ಕಡಿಮೆಯಾಗುತ್ತೆ ಅಂತ ನೀವು ಹೆದರಿದ್ದೀರಿ ಅಂತಲೂ ನನಗೆ ಅನುಮಾನ. ಹೆದರುವುದು ಬೇಡ. ಡ್ರಿಪ್ಪಿನ ಡೋಸ್ ನಿರ್ಧರಿಸಲು ಜೀನ್ ಪರೀಕ್ಷೆ ಮಾಡುವ ಕ್ರಮ ಇವತ್ತಿಗೆ ಎಲ್ಲೂ ಇಲ್ಲ. ಸಣ್ಣದಾಗಿ ಶುರು ಮಾಡಿ, ಅರ್ಧ ಗಂಟೆಗೊಮ್ಮೆ ಏರಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು ಹತ್ತು ನಿಮಿಷದಲ್ಲಿ ಎಷ್ಟು ನೋವು ಅಂತ ಎಣಿಸುತ್ತೇವೆ. ನಿಮ್ಮ ಜೀನ್ ಏನು ಹೇಳುತ್ತದೋ ಆ ಕೈಗೆ ಗೊತ್ತಾಗುತ್ತದೆ. ಆ ಕೈ ಪಕ್ಕದಲ್ಲಿ ಇರುವ ಆಸ್ಪತ್ರೆ ನೋಡಿಕೊಳ್ಳಿ. ಡ್ರಿಪ್ ಹಾಕಿ ಬಾಗಿಲು ಮುಂದೆ ಮಾಡಿ ಹೋಗುವ ಜಾಗ ಬೇಡ.

ಆದರೆ ಜೀನ್ ವಿಷಯ ನಿಜವಾಗಿ ಲೆಕ್ಕಕ್ಕೆ ಬರುವ ಔಷಧಗಳು ಹೆರಿಗೆ ಕೋಣೆಯಲ್ಲಿವೆ. ಒಂದು ಕೋಡೀನ್. ಮೈಯೊಳಗೆ ಅದು ಮಾರ್ಫಿನ್ ಆಗಿ ಬದಲಾಗುತ್ತದೆ. ಒಂದು ಜೀನ್‌ನ ಕಾರಣ ಕೆಲವರಲ್ಲಿ ಈ ಬದಲಾವಣೆ ತೀರಾ ಜೋರು, ಆಗ ಹಾಲಿನ ಮೂಲಕ ಮಗುವಿಗೆ ಹೋಗುತ್ತದೆ. ಹಾಲೂಡಿಸುವ ತಾಯಂದಿರಿಗೆ ಕೋಡೀನ್ ಬೇಡ ಅಂತ ಅಮೆರಿಕದ ಔಷಧ ಇಲಾಖೆ 2017ರಲ್ಲೇ ಎಚ್ಚರಿಸಿತು.

ಇನ್ನೊಂದು ನಮ್ಮ ಕಡೆಯದೇ. ಸಿಸೇರಿಯನ್‌ಗೆ ಪೂರ್ತಿ ಅರಿವಳಿಕೆ ಕೊಡುವಾಗ ಸಕ್ಸಿನೈಲ್‌ಕೋಲಿನ್ ಅನ್ನುವ ಔಷಧ ಹಾಕಿ ಸ್ನಾಯುಗಳನ್ನು ಸಡಿಲ ಮಾಡುತ್ತಾರೆ. ಸಾಮಾನ್ಯವಾಗಿ ಐದಾರು ನಿಮಿಷದಲ್ಲಿ ಅದರ ಪ್ರಭಾವ ಇಳಿದು ಉಸಿರು ವಾಪಸ್ ಬರುತ್ತದೆ. ಅದನ್ನು ಕರಗಿಸುವ ಕಿಣ್ವ ಹುಟ್ಟಿನಿಂದಲೇ ಇಲ್ಲದವರಿಗೆ ಗಂಟೆಗಟ್ಟಲೆ ಇಳಿಯುವುದಿಲ್ಲ, ಅಷ್ಟು ಹೊತ್ತೂ ಮೆಷಿನ್‌ನಲ್ಲಿ ಉಸಿರಾಡಿಸಬೇಕು. ದಕ್ಷಿಣ ಭಾರತದ ಆರ್ಯ ವೈಶ್ಯ ಸಮುದಾಯದಲ್ಲಿ ಈ ಕೊರತೆ ಬೇರೆಯವರಿಗಿಂತ ಜಾಸ್ತಿ. ಆಪರೇಷನ್‌ಗೆ ಮುಂಚೆ ನಮ್ಮ ಅರಿವಳಿಕೆ ಡಾಕ್ಟರು ತಗ್ಗಿದ ದನಿಯಲ್ಲಿ ‘ತಪ್ಪು ತಿಳ್ಕೋಬೇಡಿಮ್ಮ, ನೀವು ವೈಶ್ಯರಾ?’ ಅಂತ ಕೇಳುತ್ತಿದ್ದರು. ಒಬ್ಬ ಗಂಡ ‘ಆಸ್ಪತ್ರೇಲೂ ಜಾತಿ ಕೇಳ್ತೀರಾ’ ಅಂತ ಜಗಳಕ್ಕೇ ಬಂದಿದ್ದ. ವಿಷಯ ಬಿಡಿಸಿ ಹೇಳಿದ ಮೇಲೆ, ಹೆಂಡತಿಯ ದೊಡ್ಡಮ್ಮ ಹಳೆಯ ಆಪರೇಷನ್ ಒಂದರಲ್ಲಿ ‘ರಾತ್ರಿಯೆಲ್ಲ ಎಚ್ಚರವಾಗದೆ’ ಇದ್ದದ್ದು ಅವನಿಗೇ ನೆನಪಾಯಿತು. ಆ ಔಷಧ ಬಿಟ್ಟು ಬೇರೆಯದು ಕೊಟ್ಟರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಎಚ್ಚರವಾಗಲು, ಉಸಿರಾಡಲು ತುಂಬಾ ಹೊತ್ತು ಹಿಡಿದಿದ್ದರೆ, ಯಾವ ಜಾತಿಯವರಾದರೂ ಸರಿ, ಡಾಕ್ಟರಿಗೆ ಹೇಳಿ. ಉಗುಳಿನ ರಿಪೋರ್ಟಿಗಿಂತ ಈ ಮನೆಯ ಸುದ್ದಿ ನಮಗೆ ಜಾಸ್ತಿ ಉಪಯೋಗ.

ಪ್ರಶ್ನೆ: ಸೊಸೆಗೆ ದಿನ ತುಂಬಿ ಮೂರು ದಿನ ಆಯಿತು. ನಮ್ಮ ಕಾಲದಲ್ಲಿ ಹರಳೆಣ್ಣೆ ಕುಡಿಸಿದರೆ ನೋವು ಬರುತ್ತಿತ್ತು. ಅವಳು ಒಲ್ಲೆ ಅಂತಾಳೆ. ನೀವಾದರೂ ಹೇಳಿ.
— ಒಬ್ಬ ಅತ್ತೆ, ಚಿತ್ರದುರ್ಗ

ಉತ್ತರ: ನಾನು ಸೊಸೆಯ ಕಡೆ.

ಹರಳೆಣ್ಣೆಯಲ್ಲಿ ಏನೂ ಇಲ್ಲ ಅಂತಲ್ಲ. ಅದರಲ್ಲಿರುವ ರಿಸಿನೋಲಿಕ್ ಆಮ್ಲ ಕರುಳಿಗೂ ಗರ್ಭಕೋಶಕ್ಕೂ ಒಂದೇ ಬಗೆಯ ಗ್ರಾಹಕದ ಮೂಲಕ ಚುರುಕು ಮುಟ್ಟಿಸುತ್ತದೆ ಅಂತ 2012ರಲ್ಲಿ ಜರ್ಮನಿಯ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಆ ಗ್ರಾಹಕದ ಜೀನ್ ತೆಗೆದ ಇಲಿಗಳಿಗೆ ಹರಳೆಣ್ಣೆ ಕುಡಿಸಿದರೆ ಏನೂ ಆಗಲಿಲ್ಲ. ನೋಡಿ, ಹರಳೆಣ್ಣೆಯೂ ಜೀನ್ ಕೇಳಿಯೇ ಕೆಲಸ ಮಾಡುವುದು! ಆದರೆ ಡ್ರಿಪ್ಪನ್ನು ಬಂದ್ ಮಾಡಬಹುದು, ಕುಡಿಸಿದ ಎಣ್ಣೆಯನ್ನು ವಾಪಸ್ ತೆಗೆಯಲು ಬರುವುದಿಲ್ಲ. ರಾತ್ರಿಯೆಲ್ಲ ಭೇದಿಯಾಗಿ ಸುಸ್ತಾದ ಹುಡುಗಿಯರನ್ನು ಬೆಳಗಿನ ಜಾವ ಆಟೋದಲ್ಲಿ ಕರೆದುಕೊಂಡು ಬಂದದ್ದನ್ನು ಬೇಕಾದಷ್ಟು ನೋಡಿದ್ದೇನೆ. ಹೆರಿಗೆಗೆ ಬೇಕಾದ ಶಕ್ತಿಯೆಲ್ಲ ಬಚ್ಚಲಲ್ಲೇ ಖರ್ಚಾಗಿರುತ್ತಿತ್ತು.

ನಾಳೆ ಬೆಳಿಗ್ಗೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮಗುವಿನ ಎದೆಬಡಿತ, ನೀರು ಎಷ್ಟಿದೆ ಅಂತ ನೋಡಿಸಿ. ದಿನ ತುಂಬಿ ಮೂರು ದಿನ ಅಷ್ಟೇ ಆಗಿದೆ, ಎಲ್ಲ ಸರಿಯಿದ್ದರೆ ಇನ್ನೂ ಸ್ವಲ್ಪ ಕಾಯಲೂಬಹುದು. ಮಗು ಅಲುಗಾಡುವುದು ಕಡಿಮೆಯಾದರೆ ಮಾತ್ರ ಬೆಳಗಾಗುವವರೆಗೂ ಕಾಯಬೇಡಿ. ಎಣ್ಣೆಯನ್ನು ನೆತ್ತಿಗೆ ಹಾಕಿ, ಅವಳದ್ದಕ್ಕೂ, ನಿಮ್ಮದಕ್ಕೂ.